ಹಳೇ ಟ್ರ್ಯಾಕ್ಟರ್ ಮಿಸ್ ಹೊಡೆದರೆ ಟೈಮಿಂಗ್ ಕೊನೆಗೆ ಮುಟ್ಟಿ

ನನ್ನ ಹಳೇ ಮೂರು ಸಿಲಿಂಡರ್ ಡೀಸೆಲ್ ಟ್ರ್ಯಾಕ್ಟರ್ ಒಂದು ಬೆಳಿಗ್ಗೆ ಕುಂಟೋಕೆ ಶುರು ಮಾಡಿತು. ಐಡಲಿಂಗ್‌ನಲ್ಲಿ ಬಾನೆಟ್ ಗಡಗಡ ನಡುಗುತ್ತಿತ್ತು. ಸದ್ದು ತಾನಾಗಿ ಏರುತ್ತಿತ್ತು, ಇಳಿಯುತ್ತಿತ್ತು. ನೇಗಿಲು ನೆಲ ಕಚ್ಚಿದ ಕೂಡಲೇ ಉಸಿರು ಬಿಡುತ್ತಿತ್ತು. ನೋಡಿದವರೆಲ್ಲ ಟೈಮಿಂಗ್, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಸಮಯ, ಹೋಗಿದೆ ಅಂದರು. ನಾನೂ ನಂಬಿದೆ. ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರುಗಳಿಗೆ ಕಳಿಸುವ ಇಂಜೆಕ್ಷನ್ ಪಂಪಿನ ಮೂರು ಬೋಲ್ಟ್ ಸಡಿಲ ಮಾಡಿ ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಗಿಸಿದೆ. ಮೊದಲು ಎಲ್ಲಿತ್ತು ಅಂತ ಗುರುತು ಹಾಕಿಕೊಂಡಿರಲಿಲ್ಲ. ಸಂಜೆ ಹೊತ್ತಿಗೆ ಒಂದು ರೋಗ ಎರಡಾಗಿತ್ತು.

ಡೀಸೆಲ್ ಇಂಜಿನ್ನಿನ ಟೈಮಿಂಗ್ ರಾತ್ರೋರಾತ್ರಿ ತಾನಾಗಿ ಹೋಗುವುದು ಬಹಳ ಅಪರೂಪ. ಪಂಪನ್ನು ತಿರುಗಿಸುವುದು ಗೇರು. ಗೇರಿನ ಹಲ್ಲು ಸುಮ್ನೆ ಜಿಗಿಯುವುದಿಲ್ಲ. ಬೋಲ್ಟ್ ಸಡಿಲಾಗಿರಬೇಕು, ಗೇರನ್ನು ಶಾಫ್ಟಿಗೆ ಹಿಡಿದಿಡುವ ಕೀ ತುಂಡಾಗಿರಬೇಕು, ಇಲ್ಲವೇ ಯಾರೋ ಬಿಚ್ಚಿ ತಪ್ಪಾಗಿ ಕೂರಿಸಿರಬೇಕು. ಪಂಪನ್ನು ಯಾರೂ ಮುಟ್ಟಿಲ್ಲ, ನಿನ್ನೆವರೆಗೂ ಚೆನ್ನಾಗಿಯೇ ಓಡಿದೆ ಅನ್ನುವುದಾದರೆ, ಮೊದಲು ಬೇರೆ ಕಡೆ ಹುಡುಕಿ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಮೊದಲು ತಿಳಿಯಬೇಕು. ಇಂಜಿನ್ ಐಡಲಿಂಗ್‌ನಲ್ಲಿರಲಿ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವುದು ಇಂಜೆಕ್ಟರ್. ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ, ಸದ್ದು ಕೇಳಿ, ಮತ್ತೆ ಬಿಗಿ ಮಾಡಿ. ಸಡಿಲ ಮಾಡಿದಾಗ ಇಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿದೆ ಅಂತ ಅರ್ಥ. ಏನೂ ಬದಲಾಗದಿದ್ದರೆ ಅದೇ ಸೋಮಾರಿ. ಕನ್ನಡಕ ಹಾಕಿಕೊಳ್ಳಿ, ಬೆರಳನ್ನು ದೂರ ಇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸೋಮಾರಿ ಸಿಕ್ಕಿದರೆ ಅದರ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಕುಂಟು ಜೊತೆಗೇ ಹೋದರೆ ಇಂಜೆಕ್ಟರಿನ ತುದಿಯ ನಾಝಲ್ ಕೆಟ್ಟಿದೆ. ಅಲ್ಲೇ ಉಳಿದರೆ ಟಪ್ಪೆಟ್ ಗ್ಯಾಪ್ (ವಾಲ್ವಿನ ಸಂದು), ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ), ಪಂಪಿನ ಎಲಿಮೆಂಟ್ (ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಭಾಗ) ಹೀಗೆ ಮುಂದೆ ಹೋಗಿ. ಇಂಜೆಕ್ಟರ್ ತೆಗೆದಾಗ ತಾಮ್ರದ ವಾಷರ್ ಅದರ ಜೊತೆಗೇ ಬಂತಾ ನೋಡಿ. ಹಳೆಯದು ಗುಂಡಿಯಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತರೆ ನಾಝಲ್ ಇರಬೇಕಾದ್ದಕ್ಕಿಂತ ಮೇಲಕ್ಕೆ ನಿಲ್ಲುತ್ತದೆ.

ಎಲ್ಲ ಸಿಲಿಂಡರೂ ಒಂದೇ ಥರ ಏರಿಳಿಯುತ್ತಿದ್ದರೆ ಮೊದಲ ಅನುಮಾನ ಗಾಳಿ ಮೇಲೆ. ನನ್ನದು ಅದೇ ಆಗಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ಕಳಿಸುವ ಫೀಡ್ ಪಂಪಿನವರೆಗಿನ ಪೈಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಸಂದು ಇದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ಹೊರಗೆಲ್ಲ ಒಣಗಿರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ನಾನು ಆ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪು ಹಾಕಿ ನೋಡಿದೆ. ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಹೋಗುತ್ತಿದ್ದವು. ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು, ಅಷ್ಟೇ. ರಿಂಗು ಬದಲಾಯಿಸಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿದೆ. ಏರಿಳಿತ ನಿಂತಿತು.

ಹೊಗೆಯೂ ಒಂದಷ್ಟು ಹೇಳುತ್ತದೆ. ಕಪ್ಪು ಅಂದರೆ ಗಾಳಿ ಕಮ್ಮಿ ಅಥವಾ ಡೀಸೆಲ್ ಜಾಸ್ತಿ, ಮೊದಲು ಏರ್ ಫಿಲ್ಟರ್ ಬಿಚ್ಚಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಜೊತೆಗೆ ಸ್ಟಾರ್ಟ್ ಆಗಲು ತಕರಾರು, ಎಳೆತದಲ್ಲಿ ಬಲ ಇಲ್ಲ ಅಂದರೆ ಟೈಮಿಂಗ್ ಹಿಂದೆ ಬಿದ್ದಿರಬಹುದು, ಅಂದರೆ ಡೀಸೆಲ್ ತಡವಾಗಿ ಚಿಮ್ಮುತ್ತಿರಬಹುದು. ಮುಂದೆ ಹೋಗಿ ಬೇಗನೇ ಚಿಮ್ಮುತ್ತಿದ್ದರೆ ಸುತ್ತಿಗೆಯಲ್ಲಿ ಬಡಿದಂತೆ ಟಣಟಣ ಸದ್ದು ಬರುತ್ತದೆ. ರಿಂಗು ಹಾಕಿದ ಮೇಲೂ ನನ್ನ ಟ್ರ್ಯಾಕ್ಟರಿನಲ್ಲಿ ಆ ಟಣಟಣ ಉಳಿದಿತ್ತು. ಅದು ನನ್ನದೇ ಕೈಕೆಲಸ, ಅಲ್ವಾ?

ಟೈಮಿಂಗ್ ಸರಿ ಮಾಡಲು ಮುಂದೆ ಹೇಳುವುದು ಸಾಲಾಗಿ ಎಲಿಮೆಂಟ್‌ಗಳಿರುವ ಇನ್‌ಲೈನ್ ಪಂಪಿಗೆ ಮಾತ್ರ. ರೋಟರಿ ಪಂಪಾದರೆ ಈ ದಾರಿ ಹಿಡಿಯಬೇಡಿ.

ಬ್ಯಾಟರಿ ಕಳಚಿ, ಗೇರ್ ನ್ಯೂಟ್ರಲ್ ಮಾಡಿ. ವಾಲ್ವುಗಳ ಮೇಲಿನ ರಾಕರ್ ಕವರ್ ತೆಗೆದು ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಒಂದನೇ ಸಿಲಿಂಡರಿನ ಇನ್‌ಲೆಟ್ ವಾಲ್ವ್ ಕೆಳಗಿಳಿದು ಮತ್ತೆ ಮೇಲೆ ಬಂದು ಮುಚ್ಚಿಕೊಂಡರೆ ಕಂಪ್ರೆಷನ್ ಶುರುವಾಯಿತು. ಫ್ಲೈವೀಲಿನ ಕಿಂಡಿಯಲ್ಲಿ ಇಂಜೆಕ್ಷನ್ನಿನ ಗುರುತು ಬರುವುದು ಪಿಸ್ಟನ್ ತುದಿ ಮುಟ್ಟುವುದಕ್ಕಿಂತ ಸ್ವಲ್ಪ ಮುಂಚೆ. ಎಷ್ಟು ಡಿಗ್ರಿ ಅನ್ನುವುದನ್ನು ನಿಮ್ಮ ಇಂಜಿನ್ನಿನ ಪುಸ್ತಕದಲ್ಲೇ ನೋಡಿ, ಪಕ್ಕದವರ ಲೆಕ್ಕ ನಂಬಬೇಡಿ.

ಪಂಪಿನ ಒಂದನೇ ಪೈಪು ಬಿಚ್ಚಿ, ಒಳಗಿನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು ಚೊಕ್ಕ ಡೀಸೆಲ್‌ನಲ್ಲಿಡಿ. ವಾಲ್ವನ್ನು ಹಿಡಿದಿಡುವ ಹೋಲ್ಡರ್ ವಾಪಸ್ ಹಾಕಿ, ಹಂಸದ ಕತ್ತಿನಂತೆ ಬಗ್ಗಿಸಿದ ತುಂಡು ಪೈಪು ಕೂರಿಸಿ. ಉಳಿದ ಪೈಪುಗಳ ನಟ್ಟನ್ನೂ ಸಡಿಲ ಮಾಡಿಡಿ. ಆಕ್ಸಿಲರೇಟರ್ ಪೂರ್ತಿ ಇರಲಿ, ಸ್ಟಾಪ್ ಲಿವರ್ ಒಳಗಿರಲಿ. ಸ್ಟಾಪ್ ಎಳೆದಿದ್ದರೆ ಧಾರೆ ನಿಲ್ಲುವುದೇ ಇಲ್ಲ. ನಾನು ಅರ್ಧ ಗಂಟೆ ಹೀಗೇ ತಲೆ ಕೆಡಿಸಿಕೊಂಡಿದ್ದೆ.

ಒಬ್ಬರು ಕೈಪಂಪು ಒತ್ತುತ್ತಿರಲಿ, ನೀವು ನಿಧಾನಕ್ಕೆ ತಿರುಗಿಸಿ. ಮೊದಲು ಧಾರೆ ಸುರಿಯುತ್ತದೆ. ಆಮೇಲೆ ನೂಲಿನಷ್ಟು ತೆಳ್ಳಗಾಗುತ್ತದೆ. ಆಮೇಲೆ ಹನಿ. ಹನಿಯೂ ತಡವಾಗಿ ಬೀಳತೊಡಗಿದ ಜಾಗದಲ್ಲಿ ನಿಲ್ಲಿಸಿ. ಎಲಿಮೆಂಟಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ದಾರಿ ಮುಚ್ಚಿದ ಕ್ಷಣ ಅದು. ಫ್ಲೈವೀಲಿನ ಗುರುತು ಆಗಲೇ ಸರಿಯಾಗಿ ಎದುರಿಗೆ ಬರಬೇಕು. ದಾಟಿ ಹೋದರೆ ಅಲ್ಲೇ ಹಿಂದಕ್ಕೆ ತಿರುಗಿಸಿ ಕೂರಿಸಬೇಡಿ, ಗೇರಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಕಾಲು ಸುತ್ತು ಹಿಂದೆ ಹೋಗಿ, ಮತ್ತೆ ಸರಿ ದಿಕ್ಕಿನಲ್ಲೇ ಬನ್ನಿ.

ಸರಿ ಬರದಿದ್ದರೆ ಪಂಪಿನ ಮೈಯನ್ನು ಅದರ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಜರುಗಿಸಿದರೆ ಟೈಮಿಂಗ್ ಮುಂದೆ ಬರುತ್ತದೆ, ಅದೇ ದಿಕ್ಕಿಗಾದರೆ ಹಿಂದೆ. ಕೂದಲೆಳೆಯಷ್ಟು ಸಾಕು. ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿ 1 ಡಿಗ್ರಿ ಜರುಗಿಸಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ. ಬೋಲ್ಟ್ ಬಿಗಿ ಮಾಡುವಾಗಲೂ ಜರುಗುತ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಹನಿ ನೋಡಿ. ಆಮೇಲೆ ವಾಲ್ವ್, ಸ್ಪ್ರಿಂಗ್ ವಾಪಸ್ ಹಾಕಿ, ಪೈಪು ಬಿಗಿ ಮಾಡಿ, ಗಾಳಿ ತೆಗೆಯಿರಿ.

ನನ್ನದು ಮೂರನೇ ಸಲಕ್ಕೆ ಕೂತಿತು. ಇನ್ನು ಮುಂದೆ ಪರದಾಟ ಬೇಡ ಅಂತ ಉಳಿಯಲ್ಲಿ ಒಂದು ಗೆರೆ ಕೊರೆಯಲು, ಪಂಪು ಇಂಜಿನ್ನಿಗೆ ಕೂರುವ ಫ್ಲಾಂಜಿನ ಜಿಡ್ಡು ಒರೆಸಿದೆ. ಅಲ್ಲಿ ಆಗಲೇ ಎರಡು ಗೆರೆ ಇದ್ದವು, ಪಂಪಿನ ಮೇಲೊಂದು, ಇಂಜಿನ್ನಿನ ಮೇಲೊಂದು. ಎರಡೂ ನೇರವಾಗಿ ಕೂಡಿಕೊಂಡಿದ್ದವು.