ಹಬ್ಬದ ಮರುವಾರದಿಂದ ಆರು ತಿಂಗಳು

ಶುಭ ಶುಕ್ರವಾರದ ಆರಾಧನೆಗೆ ಕಾಲಿಡಲು ಜಾಗವಿಲ್ಲದಂತೆ ಸೇರುವ ನಮ್ಮ ಸಭೆಯಲ್ಲಿ ಈಸ್ಟರಿನ ಮರುವಾರವೇ ಅರ್ಧ ಬೆಂಚುಗಳು ಖಾಲಿಯಿರುತ್ತವೆ. ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ ಓದುವ ಹೊತ್ತಿಗೆ ಕೇಳುವವರೇ ಕಡಿಮೆ. ಪುನರುತ್ಥಾನವಾದ ಯೇಸು, ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ದಡದಲ್ಲಿ ಕೆಂಡದ ಮೇಲೆ ಮೀನನ್ನಿಟ್ಟು, ರೊಟ್ಟಿಯೊಂದಿಗೆ ಕಾದಿದ್ದನು. ಕುರಿಗಳನ್ನು ಮೇಯಿಸೆಂದು ಪೇತ್ರನಿಗೆ ಹೇಳಿದ್ದು ಎಲ್ಲರೂ ಉಂಡಾದ ಮೇಲೆ.

2023ರ ಏಪ್ರಿಲ್ 9ರ ಈಸ್ಟರ್ ಕಳೆದ ಮೇಲೆ, ಕೋಲಾರದ ನಾವು ಐದು ಮನೆಯವರು ಸೇರಿ ಇಬ್ಬರು ಕ್ಷಯರೋಗಿಗಳ ಆಹಾರದ ಹೊಣೆ ಹೊತ್ತೆವು. ಹಿಂದಿನ ಸೆಪ್ಟೆಂಬರಿನಲ್ಲಿ ಆರಂಭವಾಗಿದ್ದ ಕೇಂದ್ರ ಸರ್ಕಾರದ ನಿಕ್ಷಯ್ ಮಿತ್ರ ಯೋಜನೆಯಡಿ, ರೋಗಿಯ ಒಪ್ಪಿಗೆಯಿದ್ದರೆ ಸಾಮಾನ್ಯರೂ ಹೀಗೆ ನೆರವಾಗಬಹುದಿತ್ತು. ತಿಂಗಳಿಗೆ ಒಬ್ಬರಿಗೆ ಮೂರು ಕಿಲೋ ರಾಗಿಹಿಟ್ಟು, ಒಂದೂವರೆ ಕಿಲೋ ಬೇಳೆ, ಒಂದು ಕಿಲೋ ಕಡಲೆಬೀಜ, ಮೂವತ್ತು ಮೊಟ್ಟೆ ಎಂದು ಲೆಕ್ಕ ಹಾಕಿದೆವು.

ಮೊದಲ ತಿಂಗಳೇ ಎಡವಿದೆವು. ಇಬ್ಬರಲ್ಲೊಬ್ಬ, ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವ ತರುಣನನ್ನು ಸಭಾಂಗಣಕ್ಕೆ ಕರೆಸಿ, ಸಭೆಯ ಹೆಸರು ಅಚ್ಚಾದ ಚೀಲ ಕೊಟ್ಟು, ಫೋಟೊವನ್ನೂ ತೆಗೆದೆವು. ಫೋಟೊ ಬೇಕೆಂದವಳು ನಾನೇ. ಮರುತಿಂಗಳು ಅವನು ಬರಲಿಲ್ಲ. ಹುಡುಕಿಕೊಂಡು ಹೋದಾಗ ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಚೀಲ ನೋಡಿ ಪಕ್ಕದ ಮನೆಯೋರು ಏನಾಗಿದೆ ಅಂತ ಕೇಳ್ತಾರೆ. ಮಂಡಿಯಲ್ಲಿ ಗೊತ್ತಾದರೆ ಕೆಲಸ ಹೋಗುತ್ತೆ" ಎಂದನು. ಅಂದಿನಿಂದ ಅಂಗಡಿಯ ಮಾಮೂಲಿ ಕವರಿನಲ್ಲಿ ಸಾಮಾನು ಹಾಕಿಕೊಂಡು, ಸಂಜೆಗತ್ತಲಲ್ಲಿ ನಾನೊಬ್ಬಳೇ ಹೋಗತೊಡಗಿದೆ.

ಕಷ್ಟದ ಕಾಲ ಮೂರನೆಯ ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಅನಂತರದ ನಾಲ್ಕು ತಿಂಗಳು ಮೂರು. ಅಷ್ಟರಲ್ಲಿ ಕೆಮ್ಮು ನಿಂತು ಮೈಗೆ ಕಸುವು ಬಂದಿರುವುದರಿಂದ ರೋಗವೇ ಹೋಯಿತೆಂದು ಮಾತ್ರೆ ಬಿಡುವವರುಂಟು, ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗುವ ಅಪಾಯವುಂಟು. ಒಂದು ಸಂಜೆ ಆ ತರುಣನ ಕನ್ನಡಿಯ ಹಿಂದೆ ಮಾತ್ರೆಯ ಪಟ್ಟಿ ಒಡೆಯದೆ ಇರುವುದನ್ನು ಕಂಡೆ. ರಾತ್ರಿ ಲೋಡಿಂಗ್ ಮುಗಿಸಿ ಬಂದು ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆಂದೂ, ಮೂತ್ರ ಕೆಂಪಗಾಗಿ ಹೆದರಿಕೆಯಾಯಿತೆಂದೂ ಹೇಳಿದನು. ಆ ಬಣ್ಣ ಔಷಧಿಯದೇ ಎಂದು ಆಶಾ ಕಾರ್ಯಕರ್ತೆ ವಿವರಿಸಿ, ವೈದ್ಯರನ್ನು ಕೇಳಿ, ಅವನು ನಿದ್ದೆಯಿಂದ ಎದ್ದ ಮೇಲೆ ಮಾತ್ರೆ ತೆಗೆದುಕೊಳ್ಳುವಂತೆ ಹೊತ್ತು ಬದಲಿಸಿಕೊಟ್ಟರು. ಎರಡು ವಾರ ನಾನು ದಿನವೂ ಹೋಗಿ ಎದುರಿಗೆ ಕುಳಿತೆ.

ಸಭೆಗೆ ಬಾರದವರಿಗೆ ಕಾಣಿಕೆಯ ಹಣವೇಕೆಂದು ಹಿರಿಯರೊಬ್ಬರು ಕೇಳಿದರು. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ವಿಧವೆಯರ ದಿನದ ಊಟದ ಹಂಚಿಕೆಗೆಂದೇ ಏಳು ಮಂದಿಯನ್ನು ಆರಿಸಿದ್ದನ್ನು ನೆನಪಿಸಿದೆ. ಅವರು ಒಪ್ಪಲಿಲ್ಲ, ಆ ವಿಧವೆಯರು ಸಭೆಯವರೇ ಎಂದರು, ಅದು ನಿಜವೂ ಹೌದು. ಅನಂತರ ಕಾಣಿಕೆಯನ್ನು ಮುಟ್ಟದೆ ನಮ್ಮ ಕೈಯಿಂದಲೇ ನಡೆಸಿದೆವು. ಪ್ರಾರ್ಥನೆಯನ್ನು ಕೇಳಿದಾಗ ಮಾತ್ರ ಮಾಡಿದೆ. ಆ ತರುಣ ಒಮ್ಮೆಯೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಅವನ ಚಿಕಿತ್ಸೆ ಮುಗಿಯಿತು. ಇನ್ನೊಬ್ಬರು, 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ದುಡಿದ ತಾತ. ಅವರ ಕ್ಷಯವೂ ವಾಸಿಯಾಯಿತು, ಆದರೆ ಗಣಿಯ ಧೂಳು ಶ್ವಾಸಕೋಶಕ್ಕೆ ಮಾಡಿದ ಹಾನಿಗೆ ಆ ಮಾತ್ರೆಗಳಲ್ಲಿ ಮದ್ದಿಲ್ಲ. ಅವರ ಮನೆಗೆ ಈಗಲೂ ತಿಂಗಳಿಗೆ ಮೂವತ್ತು ಮೊಟ್ಟೆ ಹೋಗುತ್ತದೆ.