ಜಾಗಿಂಗ್ ಶುರುಮಾಡಿದವರು ಪೇಸ್ ಹೊಂದಿಸಿಕೊಳ್ಳುವುದು ಹೇಗೆ?

ಓಡಲು ಹೊರಟ ಮೊದಲ ದಿನ ಬಹುತೇಕ ಎಲ್ಲರಿಗೂ ಆಗುವುದು ಒಂದೇ. ಮೊದಲ ನಿಮಿಷದಲ್ಲಿ ಹುರುಪಿಗೆ ಕಾಲು ತಾನಾಗಿಯೇ ಮುಂದೆ ಓಡುತ್ತದೆ. ಎರಡನೆಯ ನಿಮಿಷದಲ್ಲಿ ಮೂಗಿನ ಉಸಿರು ಸಾಲದೆ ಬಾಯಿ ತೆರೆಯುತ್ತದೆ. ಮೂರನೆಯ ನಿಮಿಷದಲ್ಲಿ ಪಕ್ಕೆ ಹಿಡಿದುಕೊಂಡು, ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತು, ಇದು ನನ್ನಿಂದಾಗುವ ಕೆಲಸವಲ್ಲ ಎಂದು ತೀರ್ಮಾನಿಸಿ ಮನೆಯ ದಾರಿ ಹಿಡಿಯುತ್ತಾರೆ. ಆ ತೀರ್ಮಾನ ತಪ್ಪು. ಅವರಿಗೆ ಓಡಲು ಬರುವುದಿಲ್ಲ ಎಂದು ಅಲ್ಲಿ ಸಾಬೀತಾಗಿಲ್ಲ; ಅಷ್ಟು ಜೋರಾಗಿ ಓಡಿದರೆ ಮೂರು ನಿಮಿಷಕ್ಕಿಂತ ಹೆಚ್ಚು ತಾಳಲಾಗದು ಎಂಬುದಷ್ಟೇ ಗೊತ್ತಾಗಿದೆ.

ಮೂರನೆಯ ನಿಮಿಷದ ಈ ಸಂಕಟಕ್ಕೆ ಕಾರಣವಿದೆ. ನಿಂತವರು ಏಕಾಏಕಿ ಓಡತೊಡಗಿದಾಗ ಕಾಲಿನ ಸ್ನಾಯುಗಳು ಆ ಕ್ಷಣದಿಂದಲೇ ಹೆಚ್ಚಿನ ಆಮ್ಲಜನಕ ಬೇಡುತ್ತವೆ, ಆದರೆ ಹೃದಯವೂ ಶ್ವಾಸಕೋಶಗಳೂ ಆ ಬೇಡಿಕೆಗೆ ಸರಿದೂಗುವಷ್ಟು ಚುರುಕಾಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಈ ನಡುವಿನ ಕೊರತೆಯನ್ನು ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಶಕ್ತಿ ಉತ್ಪಾದಿಸಿಕೊಂಡು ತುಂಬಿಕೊಳ್ಳುತ್ತವೆ. ಓಟ ಜೋರಾದಷ್ಟೂ ಕೊರತೆ ದೊಡ್ಡದಾಗುತ್ತದೆ, ಏದುಸಿರೂ ಬೇಗ ಬರುತ್ತದೆ. ವರ್ಷಗಳಿಂದ ಓಡುತ್ತಿರುವವರಿಗೂ ಮೊದಲ ಕೆಲವು ನಿಮಿಷ ಹಿತವೆನಿಸುವುದಿಲ್ಲ. ಅದಕ್ಕಾಗಿಯೇ ಅವರು ಐದು ನಿಮಿಷ ಬಿರುಸಾಗಿ ನಡೆದು, ಮೈ ಬೆಚ್ಚಗಾದ ಮೇಲೆ ನಡಿಗೆಯಿಂದ ಓಟಕ್ಕೆ ಜಾರಿಕೊಳ್ಳುತ್ತಾರೆ.

ಮೊದಲು ಲೆಕ್ಕ ತಿಳಿಯಿರಿ

ಓಟಗಾರರು ಪೇಸ್ ಎನ್ನುವುದು 1 ಕಿಲೋಮೀಟರ್ ಓಡಲು ಹಿಡಿಯುವ ಸಮಯವನ್ನು. ವಾಹನದ ವೇಗದ ಲೆಕ್ಕಕ್ಕೆ ಒಗ್ಗಿದವರಿಗೆ ಇದು ಮೊದಮೊದಲು ತಿರುವುಮುರುವಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಅಂಕಿ ಕಡಿಮೆಯಾದಷ್ಟೂ ಓಟ ಚುರುಕು. 60ನ್ನು ಪೇಸ್‌ನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: ಕಿಲೋಮೀಟರಿಗೆ 10 ನಿಮಿಷವೆಂದರೆ ಗಂಟೆಗೆ 6 ಕಿಲೋಮೀಟರ್, 8 ನಿಮಿಷವೆಂದರೆ 7.5, 6 ನಿಮಿಷವೆಂದರೆ 10.

ಅಳತೆಗೆ 400 ಮೀಟರಿನ ಟ್ರ್ಯಾಕ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಆ 400 ಮೀಟರ್ ಎಲ್ಲಕ್ಕಿಂತ ಒಳಗಿನ ಲೇನಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಲೇನ್ ಒಂದೊಂದರ ಅಗಲ 1.22 ಮೀಟರ್ ಇರುವುದರಿಂದ ಹೊರಗಿನ ಪ್ರತಿ ಲೇನಿನಲ್ಲೂ ಸುತ್ತು ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚೇ ಉದ್ದವಾಗುತ್ತದೆ. ಎಂಟನೆಯ ಲೇನಿನ ಒಂದು ಸುತ್ತು ಸುಮಾರು 453 ಮೀಟರ್. ಕಿಲೋಮೀಟರಿಗೆ 8 ನಿಮಿಷದ ಪೇಸ್‌ನಲ್ಲಿ ಒಳಲೇನಿನ ಸುತ್ತಿಗೆ 3 ನಿಮಿಷ 12 ಸೆಕೆಂಡ್ ಸಾಕಾದರೆ, ಹೊರಲೇನಿನಲ್ಲಿ 3 ನಿಮಿಷ 37 ಸೆಕೆಂಡ್ ಬೇಕು. ಚುರುಕಾಗಿ ಓಡುವವರಿಗೆ ದಾರಿ ಬಿಟ್ಟು ಸೌಜನ್ಯದಿಂದ ಹೊರಲೇನಿನಲ್ಲಿ ಓಡುವ ಹೊಸಬರು, ತಾವು ನಿಧಾನವಾಗಿಬಿಟ್ಟೆವು ಎಂದು ವಿನಾಕಾರಣ ಕೊರಗುವುದುಂಟು.

ಟ್ರ್ಯಾಕ್ ಇಲ್ಲದವರಿಗೆ ಫೋನ್ ಅಥವಾ ಕೈಗಡಿಯಾರದ ಜಿಪಿಎಸ್ ಸಾಕು. ಆದರೆ ಪರದೆಯ ಮೇಲೆ ಆಯಾ ಕ್ಷಣಕ್ಕೆ ತೋರುವ ಪೇಸ್ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಮನಬಂದಂತೆ ಜಿಗಿಯುತ್ತದೆ. ಕಿಲೋಮೀಟರ್ ಮುಗಿದ ಮೇಲೆ ಸಿಗುವ ಸರಾಸರಿಯನ್ನು ಮಾತ್ರ ನಂಬಬೇಕು.

ನಿಮ್ಮ ಪೇಸ್ ಯಾವುದು?

ಇಲ್ಲಿ ಬೇರೆಯವರ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ವಯಸ್ಸು, ತೂಕ, ನಿದ್ದೆ, ಹಿಂದಿನ ಅಭ್ಯಾಸ ಎಲ್ಲವೂ ಅದನ್ನು ಬದಲಿಸುತ್ತವೆ. ಹೊಸಬರಿಗೆ ಇರುವ ನಂಬಿಗಸ್ತ ಅಳತೆಗೋಲು ಮಾತು. ಓಡುತ್ತಿರುವಾಗ ಹತ್ತು ಹನ್ನೆರಡು ಪದಗಳ ಒಂದು ವಾಕ್ಯವನ್ನು ನಡುವೆ ಉಸಿರಿಗಾಗಿ ತಡೆಯದೆ ಹೇಳಲು ಸಾಧ್ಯವಾದರೆ ಪೇಸ್ ಸರಿಯಾಗಿದೆ. ಜೊತೆಗೆ ಯಾರೂ ಇಲ್ಲದಿದ್ದರೆ ಏಳರ ಮಗ್ಗಿ ಹೇಳಿಕೊಳ್ಳಿ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದುವರಿಯಬಹುದಾದರೆ ಅದೇ ಹದ. ಎರಡೆರಡು ಪದಕ್ಕೆ ಗಾಳಿ ಎಳೆದುಕೊಳ್ಳಬೇಕಾದರೆ ಓಟ ಜೋರಾಯಿತು. ನಿರಾತಂಕವಾಗಿ ಹಾಡು ಹೇಳಲು ಬಂದರೆ ತುಸು ಚುರುಕು ಮಾಡಬಹುದು.

ಈ ಪರೀಕ್ಷೆಯ ಫಲ ಅನೇಕರಿಗೆ ಅವಮಾನವೆನಿಸುವಷ್ಟು ನಿಧಾನವಾಗಿರುತ್ತದೆ. ಮನುಷ್ಯರು ಸಹಜವಾಗಿ ನಡಿಗೆ ಬಿಟ್ಟು ಓಟಕ್ಕೆ ಹೊರಳುವುದು ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ, ಎಂದರೆ ಕಿಲೋಮೀಟರಿಗೆ ಎಂಟೂವರೆ ನಿಮಿಷದ ಹತ್ತಿರ. ನಿಮ್ಮ ಸರಾಗ ಪೇಸ್ ಅದಕ್ಕಿಂತಲೂ ನಿಧಾನವಾಗಿದ್ದರೆ ಓಟ ಬೇಕೆಂದೇ ತಡೆದು ಹಿಡಿದಂತೆ ಅನಿಸುತ್ತದೆ, ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿಹೋಗಲೂಬಹುದು. ಹೋಗಲಿ ಬಿಡಿ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಹೆಸರಾಂತ ಓಟದ ಕೋಚ್ ಬಿಲ್ ಬೋವರ್‌ಮನ್ 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಹೋದಾಗ, ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡ್ ಸಾಮಾನ್ಯ ಜನರೊಂದಿಗೆ ನಡೆಸುತ್ತಿದ್ದ ಜಾಗಿಂಗ್ ಗುಂಪಿನೊಡನೆ ಓಡಹೊರಟು ಹಿಂದೆ ಬಿದ್ದರು. 70 ದಾಟಿದ ಹಿರಿಯರೊಬ್ಬರು ತಮ್ಮ ಓಟವನ್ನು ನಿಧಾನಿಸಿ ಅವರಿಗೆ ಜೊತೆ ಕೊಡಬೇಕಾಯಿತು. ಇನ್ನೊಬ್ಬರನ್ನು ಓಡಿಸುವುದೇ ವೃತ್ತಿಯಾಗಿದ್ದ ಬೋವರ್‌ಮನ್ ಊರಿಗೆ ಮರಳಿ ಮಾಡಿದ ಕೆಲಸವೆಂದರೆ ತಮ್ಮೂರಿನ ಸಾಮಾನ್ಯ ಜನರಿಗೆ ನಿಧಾನ ಓಟ ಕಲಿಸಿದ್ದು.

ನಾಡಿಬಡಿತ ನೋಡುವ ಅಭ್ಯಾಸವಿರುವವರು, ಗರಿಷ್ಠ ಬಡಿತ ಎಷ್ಟೆಂದು ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರವನ್ನು ಕೇಳಿರುತ್ತಾರೆ. ಅದು ಸರಾಸರಿಯ ಸೂತ್ರವಷ್ಟೇ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ ಹತ್ತಿಪ್ಪತ್ತರ ವ್ಯತ್ಯಾಸ ಸಾಮಾನ್ಯ. ಗಡಿಯಾರವೂ ಮಾತಿನ ಪರೀಕ್ಷೆಯೂ ಬೇರೆ ಬೇರೆ ಹೇಳಿದರೆ ನಾನು ಮಾತಿನ ಪರೀಕ್ಷೆಯನ್ನೇ ನಂಬುತ್ತೇನೆ.

ಮೊದಲ ಹತ್ತು ವಾರ

ವಾರಕ್ಕೆ ಮೂರು ದಿನ, ಒಂದೊಂದರ ನಡುವೆ ಕನಿಷ್ಠ ಒಂದು ದಿನ ಬಿಡುವು. ಹೃದ್ರೋಗ, ಮಧುಮೇಹ, ರಕ್ತದೊತ್ತಡ ಇರುವವರು, ವರ್ಷಗಳಿಂದ ಮೈ ದಣಿಸದವರು ಮೊದಲು ವೈದ್ಯರನ್ನು ಕಾಣಬೇಕು; ಓಡುವಾಗ ಎದೆನೋವು, ತಲೆಸುತ್ತು ಕಾಣಿಸಿಕೊಂಡರೆ ಯಾರೇ ಆಗಲಿ ಕೂಡಲೇ ನಿಲ್ಲಿಸಬೇಕು.

ಮೊದಲೆರಡು ವಾರ ಐದು ನಿಮಿಷ ಬಿರುಸು ನಡಿಗೆಯ ಬಳಿಕ ಒಂದು ನಿಮಿಷ ಜಾಗಿಂಗ್, ಎರಡು ನಿಮಿಷ ನಡಿಗೆ. ಹೀಗೆ ಏಳು ಸಲ. ಮೂರು ಮತ್ತು ನಾಲ್ಕನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಐದು ಮತ್ತು ಆರನೆಯ ವಾರ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅನಂತರದ ಎರಡು ವಾರ ಎಂಟು ನಿಮಿಷಕ್ಕೆ ಒಮ್ಮೆ ಮಾತ್ರ ಎರಡು ನಿಮಿಷದ ನಡಿಗೆ. ಒಂಬತ್ತು, ಹತ್ತನೆಯ ವಾರದಲ್ಲಿ 20 ರಿಂದ 25 ನಿಮಿಷ ಬಿಡದೆ ಓಡಬಹುದು. ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡುವುದರಲ್ಲಿ ನಷ್ಟವೇನೂ ಇಲ್ಲ. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ನಡಿಗೆಯ ಸರದಿಯನ್ನು ದಣಿವಾದ ಮೇಲೆ ತೆಗೆದುಕೊಳ್ಳುವುದಲ್ಲ, ಸಮಯವಾದ ಕೂಡಲೇ, ಇನ್ನೂ ಓಡಬಲ್ಲೆ ಎನಿಸುತ್ತಿರುವಾಗಲೇ ತೆಗೆದುಕೊಳ್ಳಬೇಕು. ಹಾಗೆ ಮಾಡಿದವರ ಏಳನೆಯ ಸರದಿಯೂ ಮೊದಲಿನದರಂತೆಯೇ ಇರುತ್ತದೆ.

ಈ ವಾರಗಳಲ್ಲಿ ಮೈಯೊಳಗೆ ಸಾಕಷ್ಟು ಕೆಲಸ ನಡೆಯುತ್ತದೆ. ಮೊದಲು ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳತೊಡಗುತ್ತದೆ. ನಿಧಾನವಾಗಿ ಸ್ನಾಯುಗಳಲ್ಲಿ ಹೊಸ ಲೋಮನಾಳಗಳು ಹುಟ್ಟುತ್ತವೆ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಪ್ರಮಾಣ ಏರುತ್ತದೆ. ಇವೆಲ್ಲಕ್ಕೂ ಸರಾಗ ಓಟವೇ ಸಾಕು. ತೊಡಕಿರುವುದು ಮೂಳೆ ಮತ್ತು ಸ್ನಾಯುರಜ್ಜುಗಳಲ್ಲಿ, ಏಕೆಂದರೆ ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ಕಾಲು ತಯಾರಾಗಿರುವುದಿಲ್ಲ.

ಇದನ್ನು ನಾನು ಕಲಿತದ್ದು ನೋವಿನಿಂದಲೇ. ಐದನೆಯ ವಾರದಲ್ಲಿ ಉಸಿರಾಟ ಸುಲಭವಾದ ಸಂಭ್ರಮಕ್ಕೆ ಮೂರು ದಿನದ ಓಟವನ್ನು ಆರು ದಿನಕ್ಕೆ ಏರಿಸಿದೆ. ಹತ್ತನೆಯ ದಿನ ಮೆಟ್ಟಿಲಿಳಿಯುವಾಗ ಕಣಕಾಲಿನ ಮುಂಭಾಗದ ಮೂಳೆಯ ಒಳ ಅಂಚಿನುದ್ದಕ್ಕೂ ಯಾರೋ ಬೆರಳಿಂದ ಗೀರಿದಂತೆ ನೋವು. ಓಟಗಾರರು ಶಿನ್ ಸ್ಪ್ಲಿಂಟ್ ಎನ್ನುವುದು ಇದನ್ನೇ. ಮೂರು ವಾರ ಓಟ ನಿಂತಿತು. ಇಂಥ ನೋವು ಅಂಚಿನುದ್ದಕ್ಕೂ ಹರಡಿದ್ದರೆ ಸಾಮಾನ್ಯವಾಗಿ ವಿಶ್ರಾಂತಿಯಿಂದ ಕಡಿಮೆಯಾಗುತ್ತದೆ. ಹಾಗಲ್ಲದೆ ಒಂದೇ ಬಿಂದುವಿನಲ್ಲಿ ಒತ್ತಿದರೆ ಚುಚ್ಚಿದಂತಾಗಿ, ಕುಳಿತಾಗಲೂ ಕಾಡುತ್ತಿದ್ದರೆ ಮೂಳೆಯಲ್ಲಿ ಸೀಳು ಇರಬಹುದಾದ್ದರಿಂದ ವೈದ್ಯರಿಗೆ ತೋರಿಸುವುದು ಕಡ್ಡಾಯ.

ಸುಧಾರಣೆ ಅಳೆಯುವುದು

ಮೊದಲ ಸುಧಾರಣೆ ಪೇಸ್‌ನ ಅಂಕಿಯಲ್ಲಿ ಕಾಣುವುದಿಲ್ಲ; ಅದೇ ಪೇಸ್‌ನಲ್ಲಿ ಮಗ್ಗಿ ಇನ್ನೆರಡು ಸಾಲು ಮುಂದೆ ಹೋಗುವುದರಲ್ಲಿ ಕಾಣುತ್ತದೆ. ಅಂಕಿಯೇ ಬೇಕೆನ್ನುವವರು ತಿಂಗಳಿಗೊಮ್ಮೆ, ಅದೇ ದಾರಿಯಲ್ಲಿ, ದಿನದ ಅದೇ ಹೊತ್ತಿನಲ್ಲಿ, ಮಾತಾಡಬಹುದಾದ ಹದ ಮೀರದಂತೆ 20 ನಿಮಿಷ ಓಡಿ ದೂರ ಅಳೆಯಲಿ. ಈ ತಿಂಗಳು 2.4 ಕಿಲೋಮೀಟರ್ ಬಂದರೆ ಪೇಸ್ 8 ನಿಮಿಷ 20 ಸೆಕೆಂಡ್. ಮುಂದಿನ ತಿಂಗಳು 2.55 ಕಿಲೋಮೀಟರ್ ಬಂದರೆ 7 ನಿಮಿಷ 51 ಸೆಕೆಂಡ್. ಶ್ರಮ ಹೆಚ್ಚಿಸದೆಯೇ ಅರ್ಧ ನಿಮಿಷ ಇಳಿಯಿತು. ಬಿಸಿಲು, ಸೆಕೆಯ ದಿನ ಈ ಪರೀಕ್ಷೆ ಬೇಡ: ಮೈ ತಂಪಾಗಿಸಲು ರಕ್ತದ ಒಂದು ಪಾಲು ಚರ್ಮದ ಕಡೆ ಹರಿಯುವುದರಿಂದ ಅದೇ ಪೇಸ್‌ಗೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ, ಅಂಕಿ ಹಿಂದೆ ಬೀಳುತ್ತದೆ.

ಈಗ ವೇಗ

ಬಿಡದೆ 30 ನಿಮಿಷ ಓಡುವುದು ಒಂದು ತಿಂಗಳ ಮಟ್ಟಿಗೆ ರೂಢಿಯಾದ ಮೇಲೆ ವೇಗದ ಮಾತು. ಆರಂಭ ಸಣ್ಣದಾಗಿರಲಿ. ಸರಾಗ ಓಟದ ಕೊನೆಯಲ್ಲಿ, ಸಮತಟ್ಟಾದ ಕಡೆ, 15 ರಿಂದ 20 ಸೆಕೆಂಡ್ ಚುರುಕಾಗಿ, ಆದರೆ ಹಲ್ಲು ಕಚ್ಚದೆ, ಭುಜ ಬಿಗಿಯದೆ ಓಡಿ. ಉಸಿರು ಪೂರ್ತಿ ಮರಳುವ ತನಕ ನಡೆಯಿರಿ. ಹೀಗೆ ನಾಲ್ಕು ಸಲ. ಎರಡು ಮೂರು ವಾರದ ಬಳಿಕ ವಾರದ ಒಂದು ದಿನವನ್ನು ಫಾರ್ಟ್‌ಲೆಕ್‌ಗೆ ಮೀಸಲಿಡಬಹುದು. ಸ್ವೀಡನ್ನಿನ ಕೋಚ್ ಯೋಸ್ತಾ ಹೋಲ್ಮೇರ್ 1930ರ ದಶಕದಲ್ಲಿ ರೂಪಿಸಿದ ಈ ಅಭ್ಯಾಸದ ಹೆಸರಿಗೆ ವೇಗದ ಆಟವೆಂದೇ ಅರ್ಥ. ಮುಂದಿನ ಮರದವರೆಗೆ ಜೋರು, ಆಮೇಲೆ ನಿಧಾನ ಎಂದು ಮನಸ್ಸಿಗೆ ಬಂದಂತೆ ಮಾಡಬಹುದು. ಲೆಕ್ಕ ಬೇಕೆನ್ನುವವರು ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ ಎಂದು ಐದಾರು ಸಲ ಮಾಡಲಿ. ಇಲ್ಲಿಯ ಜೋರು ಎಂದರೆ ಹತ್ತಕ್ಕೆ ಏಳರಷ್ಟು ಶ್ರಮ. ಕೊನೆಯ ಸರದಿಯೂ ಮೊದಲಿನಷ್ಟೇ ಚುರುಕಾಗಿ ಬಂದರೆ ಅಳತೆ ಸರಿಯಾಗಿತ್ತು.

ಉಳಿದ ಎರಡು ದಿನ ಮಾತಾಡಬಹುದಾದ ಪೇಸ್‌ಗೇ ಮರಳಬೇಕು. ಹೊಸಬರು ಸಿಕ್ಕಿಬೀಳುವುದು ಇಲ್ಲಿಯೇ: ನಿಧಾನದ ದಿನ ಮನಸ್ಸು ತಡೆಯದೆ ತುಸು ಜೋರಾಗಿ ಓಡುತ್ತಾರೆ, ಅದರ ದಣಿವಿನಿಂದಾಗಿ ಜೋರಿನ ದಿನ ಕಾಲು ಏಳುವುದಿಲ್ಲ, ಕೊನೆಗೆ ಎಲ್ಲ ದಿನವೂ ಒಂದೇ ಮಧ್ಯಮ ಪೇಸ್‌ನಲ್ಲಿ ಸಾಗಿ ತಿಂಗಳುಗಟ್ಟಲೆ ಅಂಕಿ ಕದಲುವುದಿಲ್ಲ.

ವೇಗ ಹೆಚ್ಚಿಸಲು ಹೆಜ್ಜೆ ಉದ್ದ ಮಾಡುವುದು ಇನ್ನೊಂದು ತಪ್ಪು. ಪಾದ ದೇಹದಿಂದ ಬಹಳ ಮುಂದೆ, ಮೊಣಕಾಲು ನೆಟ್ಟಗಿರುವಾಗ ನೆಲಕ್ಕೆ ಬಿದ್ದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತೆಂದು ಎಣಿಸಿ ನಾಲ್ಕರಿಂದ ಗುಣಿಸಿ. 38 ಬಂದರೆ ನಿಮಿಷಕ್ಕೆ 152 ಹೆಜ್ಜೆ. ಅದೇ ಪೇಸ್‌ನಲ್ಲಿ ಅದನ್ನು ಶೇ 5ರಷ್ಟು, ಎಂದರೆ 160ರ ಹತ್ತಿರಕ್ಕೆ ತಂದರೆ ಹೆಜ್ಜೆ ತಾನಾಗಿ ಮೊಟಕಾಗಿ ಮೊಣಕಾಲಿನ ಮೇಲಿನ ಭಾರ ತಗ್ಗುತ್ತದೆ. ಎಲ್ಲರೂ 180 ಹೆಜ್ಜೆ ಹಾಕಲೇಬೇಕೆಂಬ ಮಾತು 1984ರ ಒಲಿಂಪಿಕ್ಸ್‌ನಲ್ಲಿ ಕೋಚ್ ಜ್ಯಾಕ್ ಡೇನಿಯಲ್ಸ್ ಅಗ್ರ ಓಟಗಾರರ ಹೆಜ್ಜೆ ಎಣಿಸಿದ್ದರಿಂದ ಹುಟ್ಟಿದ್ದು. ಸ್ಪರ್ಧೆಯ ವೇಗದಲ್ಲಿದ್ದವರ ಆ ಎಣಿಕೆಯನ್ನು ಜಾಗಿಂಗ್ ಮಾಡುವವರು ನಿಯಮವೆಂದು ಹೊರಬೇಕಿಲ್ಲ.

ಮೊದಲ 5 ಕಿಲೋಮೀಟರ್

40 ನಿಮಿಷದಲ್ಲಿ 5 ಕಿಲೋಮೀಟರ್ ಮುಗಿಸುವ ಗುರಿಯಿದೆ ಎನ್ನೋಣ. ಟ್ರ್ಯಾಕಿನಲ್ಲಿ ಅದು ಹನ್ನೆರಡೂವರೆ ಸುತ್ತು, ಸರಾಸರಿ ಸುತ್ತಿಗೆ 3 ನಿಮಿಷ 12 ಸೆಕೆಂಡ್. ಆದರೆ ಮೊದಲ ನಾಲ್ಕು ಸುತ್ತನ್ನು 3 ನಿಮಿಷ 17 ಸೆಕೆಂಡಿನಂತೆ ಓಡಿ. ತೀರಾ ನಿಧಾನವೆನಿಸುತ್ತದೆ, ಎನಿಸಲಿ. ಮುಂದಿನ ಆರು ಸುತ್ತು 3 ನಿಮಿಷ 12 ಸೆಕೆಂಡಿನಂತೆ. ಹತ್ತು ಸುತ್ತು ಮುಗಿದಾಗ ಗಡಿಯಾರದಲ್ಲಿ 32 ನಿಮಿಷ 20 ಸೆಕೆಂಡ್ ಇರುತ್ತದೆ, ಕೊನೆಯ ಕಿಲೋಮೀಟರಿಗೆ 7 ನಿಮಿಷ 40 ಸೆಕೆಂಡ್ ಉಳಿದಿರುತ್ತದೆ. ಮಗ್ಗಿಯ ನಿಯಮ ಮುರಿಯಲು ಅನುಮತಿ ಇರುವುದು ಈ ಕೊನೆಯ ಎರಡೂವರೆ ಸುತ್ತಿನಲ್ಲಿ ಮಾತ್ರ. ಮುಗಿದ ಕೂಡಲೇ ಕುಳಿತುಕೊಳ್ಳದೆ ಹತ್ತು ನಿಮಿಷ ನಡೆಯಿರಿ, ಮರುದಿನ ವಿಶ್ರಾಂತಿ ತೆಗೆದುಕೊಳ್ಳಿ, ಇದೇ ಪರೀಕ್ಷೆಯನ್ನು ಮತ್ತೆ ಮಾಡಲು ಆರು ವಾರವಾದರೂ ಕಾಯಿರಿ.