ಮೇಜು ತಿರುಗಿಸಿದ ಮೇಲೆ: ಕ್ಯಾಷುಯಾಲ್ಟಿಯಲ್ಲಿ ನಾನು ಕಲಿತದ್ದು

ನಾನು ಸ್ಟಾಫ್ ನರ್ಸ್ ಆಗಿ 16 ವರ್ಷ ಆಯಿತು. ಅದರಲ್ಲಿ 9 ವರ್ಷ ಬಯಲುಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯ ಕ್ಯಾಷುಯಾಲ್ಟಿಯಲ್ಲೇ ಕಳೆದಿದೆ. ಬೋರ್ಡಿನಲ್ಲಿ ತುರ್ತು ಚಿಕಿತ್ಸಾ ವಿಭಾಗ ಅಂತ ಬರೆದಿದೆ, ಆದರೆ ಹಾಗೆ ಯಾರೂ ಕರೆಯೋದಿಲ್ಲ. ಅಲ್ಲಿಗೆ ಬಂದವರು ಎಷ್ಟು ನೋವು ತಿಂದು ಮನೆಗೆ ಹೋಗುತ್ತಾರೆ ಅನ್ನೋದು ನನಗೆ ತಡವಾಗಿ ಗೊತ್ತಾಯಿತು. ಕಾಯಿಲೆಯ ನೋವಿನ ಮಾತಲ್ಲ ಇದು. ನಾವು ಕೊಡುವ ನೋವಿನ ಮಾತು.

ಒಂದು ಮಧ್ಯಾಹ್ನ ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ಸೊಸೆ ಆಟೋದಲ್ಲಿ ಕರೆದುಕೊಂಡು ಬಂದಿದ್ದಳು. ಹೊಟ್ಟೆ ಉರಿ, ಮೈಯೆಲ್ಲ ಬೆವರು, ಎರಡು ಸಲ ವಾಂತಿ. "ಗ್ಯಾಸ್ ಆಗೈತೆ ಅಷ್ಟೇ, ಒಂದು ಇಂಜೆಕ್ಷನ್ ಕೊಡವ್ವ" ಅಂದರು ಅಜ್ಜಿ. ನಾನು "ಕೂತ್ಕೊಳ್ಳಿ ಅಜ್ಜಿ, ಡಾಕ್ಟರ್ ಬರ್ತಾರೆ" ಅಂದೆ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಟೆಂಪೋ ಮಗುಚಿ ಆರು ಜನ ಬಂದರು. ರಕ್ತ, ಕೂಗಾಟ, ಪೊಲೀಸರು. ಹೊಲಿಗೆ ಹಾಕುವುದಕ್ಕೆ ಒಬ್ಬಳು ನಿಂತರೆ ಎಂಎಲ್‌ಸಿ ರಿಜಿಸ್ಟರ್ (ಪೊಲೀಸ್ ಕೇಸಿನ ದಾಖಲೆ) ಬರೆಯೋದು ನನ್ನ ಪಾಲಿಗೆ ಬಂತು. ಸೊಸೆ ಬಂದು ಏನೋ ಕೇಳಿದಳು. "ಸ್ವಲ್ಪ ಇರಮ್ಮಾ" ಅಂದೆ. ಮತ್ತೆ ಬಂದಳು. ಮತ್ತೆ ಅದನ್ನೇ ಅಂದೆ.

ಅಜ್ಜಿಗೆ ಇಸಿಜಿ ಆಗಿದ್ದು ಬಂದು ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ. ನೋಡಿದರೆ ಹಾರ್ಟ್ ಅಟ್ಯಾಕ್. ಎದೆನೋವು ಅಂದವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೆಂಗಸರಿಗೆ, ವಯಸ್ಸಾದವರಿಗೆ, ಶುಗರ್ ಇರುವವರಿಗೆ ಎದೆನೋವೇ ಕಾಣದೆ ಬರೀ ಬೆವರು, ವಾಂತಿ, ಹೊಟ್ಟೆ ಉರಿ ಆಗಿಯೂ ಅಟ್ಯಾಕ್ ಬರಬಹುದು. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೆ ಅಜ್ಜಿ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತವರಿಗೆ ಜಾಸ್ತಿ ಏನೂ ಆಗಿಲ್ಲ ಅಂತ ಅಂದುಕೊಂಡುಬಿಟ್ಟಿದ್ದೆ. ಹಾರ್ಟ್ ಆಸ್ಪತ್ರೆಗೆ 108ರಲ್ಲಿ ಕಳಿಸಿದೆವು. ಅಜ್ಜಿ ಉಳಿದರು.

ಮೂರು ವಾರದ ಮೇಲೆ ಯಾವುದೋ ಕಾಗದಕ್ಕೆ ಸೀಲ್ ಹಾಕಿಸಲು ಸೊಸೆ ಬಂದಳು. ಗುರುತು ಹಿಡಿದು ಅಜ್ಜಿ ಹೇಗಿದ್ದಾರೆ ಅಂತ ಕೇಳಿದೆ. ಹೇಳಿದಳು. ಹೊರಡುವಾಗ ನಿಂತು, "ಮೂರು ಸಲ ಬಂದೆ ಸಿಸ್ಟರ್ ಅವತ್ತು. ಒಂದು ಸಲನೂ ನೀವು ತಲೆ ಎತ್ತಲಿಲ್ಲ, ಬರೀತಾನೇ ಇದ್ರಿ" ಅಂದಳು. ಕೋಪ ಇರಲಿಲ್ಲ ಆ ಮಾತಿನಲ್ಲಿ. ನನ್ನ ಲೆಕ್ಕದಲ್ಲಿ ಅವಳು ಬಂದಿದ್ದು ಎರಡೇ ಸಲ. ಮೂರನೇ ಸಲದ್ದು ನನಗೆ ಕೇಳಿಸಿಯೇ ಇರಲಿಲ್ಲ.

ಆವತ್ತು ರಾತ್ರಿ ಡ್ಯೂಟಿ ಮುಗಿಯುವ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಮೇಜು ಇದ್ದದ್ದು ಗೋಡೆಯ ಕಡೆಗೆ. ಬರೆಯಲು ಕೂತರೆ ಬೆಂಚಿನಲ್ಲಿ ಕಾಯುವವರಿಗೆಲ್ಲ ನಮ್ಮ ಬೆನ್ನು. ಸ್ವಿಚ್ ಬೋರ್ಡ್ ಆ ಗೋಡೆಯಲ್ಲಿತ್ತು, ಅದಕ್ಕೇ ಮೇಜೂ ಅಲ್ಲಿ. ಬೇರೆ ಯಾವ ಕಾರಣವೂ ಇರಲಿಲ್ಲ. ನಾನೂ ಆಯಾನೂ ಸೇರಿ ಮೇಜನ್ನು ಬಾಗಿಲ ಹತ್ತಿರ ಎಳೆದು, ಬೆಂಚಿನ ಕಡೆ ಮುಖ ಮಾಡಿ ಇಟ್ಟೆವು. ಮಾರನೇ ದಿನ ಎಲೆಕ್ಟ್ರಿಷಿಯನ್ ಒಂದು ಎಕ್ಸ್‌ಟೆನ್ಶನ್ ಎಳೆದುಕೊಟ್ಟ. ನಾನು ಮಾಡಿದ ಕೆಲಸಗಳಲ್ಲಿ ಜಾಸ್ತಿ ಉಪಯೋಗವಾಗಿದ್ದು ಇದೇ. ತಲೆ ಎತ್ತಿದರೆ ಸಾಕು, ಯಾರು ಬೆವರುತ್ತಿದ್ದಾರೆ, ಯಾರ ತುಟಿ ಬಿಳುಚಿದೆ, ಯಾವ ಮಗು ತೂಕಡಿಸುತ್ತಿದೆ ಅಂತ ಕಾಣುತ್ತದೆ.

ಆಮೇಲೆ ಬಂದವರನ್ನು ಬಾಗಿಲಲ್ಲೇ ವಿಂಗಡಿಸಲು ಶುರು ಮಾಡಿದೆವು. ಇದಕ್ಕೆ ಟ್ರಯಾಜ್ ಅಂತಾರೆ. ನೆಪೋಲಿಯನ್ ಸೈನ್ಯದ ಸರ್ಜನ್ ಲ್ಯಾರಿ ಎಂಬವರು ಗಾಯಾಳುಗಳ ದರ್ಜೆ ನೋಡದೆ ಗಾಯ ನೋಡಿ ಮೊದಲು ಯಾರು ಅಂತ ತೀರ್ಮಾನಿಸುತ್ತಿದ್ದರು, ಅಲ್ಲಿಂದ ಬೆಳೆದ ಪದ್ಧತಿ. ನಮ್ಮಲ್ಲಿ ದೊಡ್ಡ ವ್ಯವಸ್ಥೆ ಏನಿಲ್ಲ. ಉಸಿರು, ನಾಡಿ, ಬಿಪಿ, ಆಕ್ಸಿಜನ್ ಲೆವೆಲ್ ನೋಡುತ್ತೇವೆ. ಕರೆದರೆ ಸರಿಯಾಗಿ ಉತ್ತರ ಕೊಡುತ್ತಾರಾ ನೋಡುತ್ತೇವೆ. ಎರಡು ನಿಮಿಷದ ಕೆಲಸ. ಕೆಂಪು, ಹಳದಿ, ಹಸಿರು ಅಂತ ಮೂರು ಬಣ್ಣದ ಚೀಟಿ.

ಮೊದಲ ವಾರ ಚೀಟಿಯಿಂದ ಜಗಳ ಕಮ್ಮಿ ಆಗುವ ಬದಲು ಜಾಸ್ತಿ ಆಯಿತು. "ಇದೇನು, ರೇಷನ್ ಕಾರ್ಡ್ ಥರಾನಾ ಮೇಡಂ? ನಮಗ್ಯಾಕೆ ಹಸಿರು?" ಅಂತ ಒಬ್ಬರು ಕೇಳಿದರು. ತಪ್ಪು ನನ್ನದೇ. ಬಣ್ಣ ಕೊಟ್ಟೆ, ಅರ್ಥ ಹೇಳಲಿಲ್ಲ. ಗೋಡೆಗೆ ಬೋರ್ಡ್ ಹಾಕಿದೆವು, ಯಾರೂ ಓದಲಿಲ್ಲ. ನೋವಿನಲ್ಲಿರುವವರು ಗೋಡೆ ಓದೋದಿಲ್ಲ, ಅಲ್ವಾ? ಕೊನೆಗೆ ಬಾಯಲ್ಲೇ ಹೇಳಲು ಶುರು ಮಾಡಿದೆ. "ಅಣ್ಣ, ನಿಮ್ಮ ಕೈ ಮುರಿದಿರಬಹುದು, ನೋವು ಇದೆ ಅಂತ ನನಗೆ ಗೊತ್ತು. ಒಳಗೆ ಒಬ್ಬರಿಗೆ ಉಸಿರು ನಿಲ್ಲೋ ಹಾಗಿದೆ, ಡಾಕ್ಟರ್ ಅಲ್ಲಿದ್ದಾರೆ. ನಿಮ್ಮದು ಒಂದು ಗಂಟೆ ಆಗಬಹುದು. ಅಷ್ಟರಲ್ಲಿ ನೋವಿಗೆ ಕೊಡಬಹುದಾ ಅಂತ ಡಾಕ್ಟರನ್ನ ಕೇಳ್ತೀನಿ, ಕೈಗೆ ಪಟ್ಟಿ ಕಟ್ಟಿ ಕೂರಿಸ್ತೀನಿ. ಬೆರಳು ಜುಮ್ಮೆಂದರೆ, ತಣ್ಣಗಾದರೆ ತಕ್ಷಣ ನನ್ನ ಕರೀರಿ." ಇಷ್ಟು ಹೇಳಲು ಅರ್ಧ ನಿಮಿಷ ಬೇಕು. ಅದನ್ನು ಹೇಳದೆ ಬಿಟ್ಟರೆ ಅದೇ ಮನುಷ್ಯನ ಜೊತೆ ಹತ್ತು ನಿಮಿಷ ಜಗಳ ಆಡಬೇಕು.

ಬಸ್ ಎರಡು ಗಂಟೆ ಲೇಟು ಅಂತ ಗೊತ್ತಾದರೆ ಒಂದು ಟೀ ಕುಡಿದು ಕೂರುತ್ತೇವೆ. ಬರುತ್ತೋ ಇಲ್ವೋ ಗೊತ್ತಿಲ್ಲದಿದ್ದರೆ ಹತ್ತು ನಿಮಿಷವೂ ಕೂರೋಕಾಗಲ್ಲ. ಕ್ಯಾಷುಯಾಲ್ಟಿಯ ಬೆಂಚಿನಲ್ಲಿ ಜನ ಕಾಯೋದು ಎರಡನೇ ಥರ. ಅದಕ್ಕೇ ಅರ್ಧ ಗಂಟೆಗೊಮ್ಮೆ ಎದ್ದು ಬೆಂಚಿನ ಹತ್ತಿರ ಹೋಗುತ್ತೇನೆ. ಹೊಸದಾಗಿ ಹೇಳಲು ಏನೂ ಇಲ್ಲದಿದ್ದರೂ ಹೋಗುತ್ತೇನೆ. "ರಕ್ತದ ರಿಪೋರ್ಟ್ ಇನ್ನೂ ಬಂದಿಲ್ಲ, ಲ್ಯಾಬಿಗೆ ಫೋನ್ ಮಾಡಿದ್ದೆ" ಅಂತ ಹೇಳಿದರೂ ಮುಖ ಸಡಿಲ ಆಗುತ್ತದೆ. ಹೋದಾಗ ನಾಡಿ, ಬಣ್ಣ ಇನ್ನೊಮ್ಮೆ ನೋಡುತ್ತೇನೆ. ಹಸಿರು ಚೀಟಿಯವರು ಎಷ್ಟೋ ಸಲ ಬೆಂಚಿನಲ್ಲೇ ಹಳದಿ ಆಗಿದ್ದಾರೆ.

ಹಾವು ಕಡಿದ ಕೇಸು ನಮ್ಮಲ್ಲಿ ಮಳೆಗಾಲದಲ್ಲಿ, ಕಡಲೆಕಾಯಿ ಕೀಳುವ ಹೊತ್ತಿನಲ್ಲಿ ಜಾಸ್ತಿ. 2024ರಿಂದ ಕರ್ನಾಟಕದಲ್ಲಿ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತದೆ. ಅದನ್ನು ಕಂಡುಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಡಬೇಕು. ಆಮೇಲೆ ಟ್ಯೂಬ್ ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಹರಿದರೆ ವಿಷ ಮೈಗೆ ಏರಿದೆ ಅಂತ ಅರ್ಥ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇದು ಸರಿ ಬರೋದಿಲ್ಲ.

ಈಗ ಮನೆಯವರ ಕಣ್ಣಲ್ಲಿ ಇದನ್ನು ನೋಡಿ. ಅಪ್ಪನಿಗೆ ಹಾವು ಕಡಿದಿದೆ, ಕಾಲು ಊದುತ್ತಿದೆ. ನರ್ಸ್ ರಕ್ತ ತೆಗೆದು ಮೂಲೆಯಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋದಳು. ಇಪ್ಪತ್ತು ನಿಮಿಷ ಏನೂ ನಡೆಯುತ್ತಿಲ್ಲ. ಯಾರಿಗೆ ತಾನೇ ಹೊಟ್ಟೆ ಉರಿಯಲ್ಲ? ಹೀಗೇ ಒಂದು ಸಲ ಮಗನೊಬ್ಬ ಕೂಗಾಡಿ, ನಾಟಿ ಔಷಧಿಯವರ ಹತ್ತಿರ ಕರೆದುಕೊಂಡು ಹೋಗ್ತೀನಿ ಅಂತ ಅಪ್ಪನನ್ನು ಎಬ್ಬಿಸಲು ಹೊರಟಿದ್ದ. ನಾನು ಟ್ಯೂಬ್ ಇಟ್ಟ ಸ್ಟ್ಯಾಂಡನ್ನು ಅವನ ಮುಂದೆಯೇ ಕಿಟಕಿ ಕಟ್ಟೆಯ ಮೇಲೆ ಇಟ್ಟೆ. "ಮೊಬೈಲಲ್ಲಿ ಇಪ್ಪತ್ತು ನಿಮಿಷ ಟೈಮ್ ಇಡಪ್ಪಾ. ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೋ. ಅಲಾರಂ ಹೊಡೆದ ತಕ್ಷಣ ನನ್ನ ಕರಿ. ಇದು ಗಟ್ಟಿ ಆಗದಿದ್ದರೆ ಆ ನಿಮಿಷವೇ ಔಷಧಿ ಶುರು, ಫ್ರಿಜ್‌ನಲ್ಲಿ ಇದೆ" ಅಂದೆ.

ಆ ಹುಡುಗ ಇಪ್ಪತ್ತು ನಿಮಿಷ ಕದಲಲಿಲ್ಲ. ಗೋಡೆಗೆ ಒರಗಿ, ಒಂದು ಕಣ್ಣು ಟ್ಯೂಬಿನ ಮೇಲೆ, ಒಂದು ಕಣ್ಣು ಅಪ್ಪನ ಮೇಲೆ. ಅಲಾರಂ ಹೊಡೆದಾಗ ನಾನು ಟ್ಯೂಬ್ ಓರೆ ಮಾಡಿದೆ. ರಕ್ತ ಹಾಗೇ ಜಾರಿತು. ಅವನೇ ಮೊದಲು "ಗಟ್ಟಿ ಆಗಿಲ್ಲ ಅಕ್ಕ" ಅಂದ. ಡಾಕ್ಟರ್ ಬಂದು ನೋಡಿ ಹಾವಿನ ವಿಷಕ್ಕೆ ಕೊಡುವ ಔಷಧಿ, ಹತ್ತು ವಯಲ್ ಎಎಸ್‌ವಿ ಡ್ರಿಪ್‌ನಲ್ಲಿ ಶುರು ಮಾಡಿದರು. ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ ಮಾಡಬೇಕು. ಅದಕ್ಕೂ ಅವನೇ ಮೊಬೈಲಲ್ಲಿ ಟೈಮ್ ಇಟ್ಟುಕೊಂಡಿದ್ದ. ಈಗ ಪ್ರತಿ ಹಾವಿನ ಕೇಸಿನಲ್ಲೂ ಹೀಗೇ ಮಾಡುತ್ತೇನೆ. ಟೈಮ್ ನೋಡೋದು ನನ್ನ ಜವಾಬ್ದಾರಿಯೇ, ನನ್ನ ಗಡಿಯಾರವೂ ಓಡುತ್ತಿರುತ್ತದೆ. ಆದರೆ ಮನೆಯವರಿಗೂ ಅಲ್ಲೊಂದು ಕೆಲಸ ಇರುತ್ತದೆ.

ಆ್ಯಕ್ಸಿಡೆಂಟ್ ಆದವರನ್ನು ಎತ್ತಿಕೊಂಡು ಬರುವ ಅಪರಿಚಿತರನ್ನು ನಾವು ನಡೆಸಿಕೊಳ್ಳುತ್ತಿದ್ದ ರೀತಿ ನೆನೆದರೆ ಈಗಲೂ ಬೇಜಾರಾಗುತ್ತದೆ. ಅಂಗಿಯೆಲ್ಲ ರಕ್ತ ಮಾಡಿಕೊಂಡು ನಿಂತ ಆಟೋ ಡ್ರೈವರಿಗೆ "ಪೊಲೀಸ್ ಬರೋವರೆಗೂ ಎಲ್ಲೂ ಹೋಗಬೇಡ" ಅನ್ನುತ್ತಿದ್ದೆವು. ಮೊದಲು ಚಿಕಿತ್ಸೆ, ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಹೇಳಿದೆ. ನೆರವಿಗೆ ಬಂದವರನ್ನು ಕಾಪಾಡಲು ಕರ್ನಾಟಕದಲ್ಲಿ 2016ರ ಕಾಯ್ದೆಯೇ ಇದೆ. ಹೆಸರು ಹೇಳು ಅಂತ ಅವರನ್ನು ಬಲವಂತ ಮಾಡುವ ಹಾಗಿಲ್ಲ. ಈಗ ನಾನು ಸೋಪು ಕೊಟ್ಟು, "ಕೈ ತೊಳ್ಕೊಳ್ಳಿ ಅಣ್ಣ, ದೊಡ್ಡ ಉಪಕಾರ ಮಾಡಿದ್ರಿ. ಇರಬೇಕು ಅಂದ್ರೆ ಇರಿ, ಹೋಗಬೇಕು ಅಂದ್ರೆ ಹೋಗಿ" ಅನ್ನುತ್ತೇನೆ. ಹೆಚ್ಚಿನವರು ಹೋಗೋದಿಲ್ಲ, ಗಾಯಾಳುವಿಗೆ ಎಚ್ಚರ ಬರೋವರೆಗೂ ಹೊರಗೆ ನಿಂತಿರುತ್ತಾರೆ.

ಸಾಯಬೇಕು ಅಂತ ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರ ವಿಷಯ ಇನ್ನೂ ಸೂಕ್ಷ್ಮ. ಅವರ ಬಟ್ಟೆ ತೆಗೆದು ಮೈ ತೊಳೆಯಬೇಕು. ನಮ್ಮಲ್ಲಿ ಅದು ಹತ್ತು ಜನರ ಎದುರೇ ನಡೆಯುತ್ತಿತ್ತು. ಜೊತೆಗೆ ನಮ್ಮ ಬೈಗುಳ ಬೇರೆ: "ಯಾಕಮ್ಮಾ ಕುಡಿದೆ? ಮಕ್ಕಳ ಮುಖ ನೋಡಬಾರದಿತ್ತಾ?" ಒಬ್ಬ ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎರಡೂ ಕೈಯಲ್ಲಿ ಬೆಡ್‌ಶೀಟ್ ಎಳೆದುಕೊಳ್ಳುತ್ತಿದ್ದದ್ದು ನನ್ನ ಕಣ್ಣ ಮುಂದೆ ಇದೆ. ಹೀಗೆ ಬಂದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದಾರೆ ಅಂತಲೇ ನೋಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬೈಯೋದಕ್ಕೆ ನಮಗೆ ಯಾವ ಹಕ್ಕೂ ಇಲ್ಲ. ಹಸಿರು ಬಟ್ಟೆ ತಂದು, ಹಗ್ಗ ಕಟ್ಟಿ ಒಂದು ಮೂಲೆಗೆ ಪರದೆ ಮಾಡಿಸಿದೆ. ಒಳಗೆ ಒಬ್ಬಳೇ ಹೋಗಿ, ಏನು, ಎಷ್ಟು, ಎಷ್ಟು ಹೊತ್ತಿಗೆ ಅಂತ ಮಾತ್ರ ಮೆಲ್ಲಗೆ ಕೇಳುತ್ತೇನೆ. ಯಾಕೆ ಅಂತ ಕೇಳೋದಿಲ್ಲ. ಡಿಸ್ಚಾರ್ಜ್ ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದು ಕೊಡುತ್ತೇವೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

"ಬೆಡ್ ಇಲ್ಲ" ಅನ್ನೋ ಮಾತು ಇದೆಯಲ್ಲ, ಅದರಷ್ಟು ಜನರನ್ನು ಕುಗ್ಗಿಸುವ ಮಾತು ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೃಷಿ ಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಹೋದರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ತೋರಿಸಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಸಮಯಕ್ಕೆ ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಅಂದಿತು. ನಮ್ಮ ಬೆಂಚಿನಲ್ಲಿ ಕೂರುವವರೂ ಹಕೀಂ ಶೇಖ್ ಥರದ ಕೂಲಿಯವರೇ.

ನಮ್ಮಲ್ಲಿ ನ್ಯೂರೋ ಸರ್ಜನ್ ಇಲ್ಲ, ವೆಂಟಿಲೇಟರ್ ಖಾಲಿ ಇರೋದು ಅಪರೂಪ. ಹಾಗಾಗಿ ಬೆಂಗಳೂರಿಗೆ ಕಳಿಸಲೇಬೇಕಾಗುತ್ತದೆ. ಮುಂಚೆ "ದೊಡ್ಡ ಆಸ್ಪತ್ರೆಗೆ ಹೋಗಿ" ಅಂತ ಚೀಟಿ ಕೊಟ್ಟರೆ ನಮ್ಮ ಕೆಲಸ ಮುಗೀತು. ಈಗ ಮೊದಲು ಫೋನ್ ಮಾಡುತ್ತೇವೆ. ಬೆಡ್ ಇದೆ ಅಂತ ಖಚಿತ ಆದ ಮೇಲೆ, ಯಾರ ಜೊತೆ ಎಷ್ಟು ಹೊತ್ತಿಗೆ ಮಾತಾಡಿದೆವು, ಯಾವ ಇಂಜೆಕ್ಷನ್ ಯಾವಾಗ ಕೊಟ್ಟೆವು ಅಂತ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಮನೆಯವರಿಗೆ ಓದಿ ಹೇಳುತ್ತೇನೆ. ಎಷ್ಟೇ ಫೋನ್ ಮಾಡಿದರೂ ಬೆಡ್ ಸಿಗದ ದಿನ ಇರುತ್ತದೆ. ಅವತ್ತು ಸಿಕ್ಕಿಲ್ಲ ಅಂತಲೇ ಹೇಳುತ್ತೇನೆ, ಯಾವ ಯಾವ ಕಡೆ ಕೇಳಿದೆವು ಅಂತಲೂ ಹೇಳುತ್ತೇನೆ. ಸುಳ್ಳು ಧೈರ್ಯ ಕೊಟ್ಟು ರಾತ್ರಿ ಎರಡು ಗಂಟೆಗೆ ಅವರನ್ನು ಊರೂರು ಅಲೆಸಲು ನನಗೆ ಮನಸ್ಸಾಗುವುದಿಲ್ಲ.

ಅಂದುಕೊಂಡಿದ್ದೆಲ್ಲ ಆಗಿದೆ ಅಂತ ಹೇಳಲಾರೆ. ಹಗಲು ಪಾಳಿಯಲ್ಲಿ ಇದು ನಡೆಯುತ್ತದೆ. ರಾತ್ರಿ ನಾವು ಇಬ್ಬರೇ. ಒಬ್ಬಳು ಒಳಗೆ ರೋಗಿಯ ಗಂಟಲಿನ ಕಫ ತೆಗೆಯುವ ಸಕ್ಷನ್ ಹಿಡಿದು ನಿಂತರೆ, ಇನ್ನೊಬ್ಬಳು ರೋಗಿಯನ್ನು ವಾರ್ಡಿಗೆ ಬಿಡಲು ಟ್ರಾಲಿ ಜೊತೆ ಹೋಗಿರುತ್ತಾಳೆ. ಆಗ ಬಾಗಿಲ ಹತ್ತಿರದ ಮೇಜು ಖಾಲಿ. ವಾಪಸ್ ಬರೋವಾಗ ಬೆಂಚಿನಲ್ಲಿ ಹೊಸ ಮುಖಗಳು ಇರುತ್ತವೆ, ಎಷ್ಟು ಹೊತ್ತಿಂದ ಕೂತಿದ್ದಾರೋ ಗೊತ್ತಾಗೋದಿಲ್ಲ. ರಾತ್ರಿಗೆ ಇನ್ನೊಬ್ಬರನ್ನು ಕೊಡಿ ಅಂತ ಎರಡು ಸಲ ಬರೆದು ಕೊಟ್ಟಿದ್ದೇನೆ. ಮೂರನೇ ಅರ್ಜಿಗೆ ಈ ಸಲ ರಾತ್ರಿ ಪಾಳಿಯ ಒಂದು ತಿಂಗಳ ಲೆಕ್ಕ ಜೋಡಿಸುತ್ತಿದ್ದೇನೆ: ಯಾರು ಎಷ್ಟು ಗಂಟೆಗೆ ಬಂದರು, ನಾವು ಅವರನ್ನು ಮೊದಲ ಸಲ ಮಾತಾಡಿಸಿದ್ದು ಎಷ್ಟು ಗಂಟೆಗೆ. ಇವತ್ತಿಗೆ ಹತ್ತೊಂಬತ್ತು ದಿನದ್ದು ಬರೆದಾಗಿದೆ.